ಅಮ್ಮನ ಕೋಣೆಯ ನೆಲ

ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಕೆ ತೋಟದ ಮೇಲ್ಬದಿಯಲ್ಲಿರುವ ಹಳೆಯ ಮುರಕಲ್ಲಿನ ಮನೆ. ಈ ಮನೆಯ ನೆಲದ ಕತೆ ಹೇಳುವುದೆಂದರೆ ಅಮ್ಮನ ಕತೆ ಹೇಳಿದ ಹಾಗೆಯೇ. 1960ರಲ್ಲಿ ಅವಳು ಸೊಸೆಯಾಗಿ ಬಂದಾಗ ಚಾವಡಿಯಿಂದ ಅಡಿಗೆಮನೆಯವರೆಗೂ ಸೆಗಣಿ ಸಾರಿಸಿದ ನೆಲ. ಗೆರಟೆ ಸುಟ್ಟ ಮಸಿಯನ್ನು ಸೆಗಣಿಗೆ ಕಲಸಿ ಸಾರಿಸಿದರೆ ಕಪ್ಪು ಕಲ್ಲಿನಂತೆ ಕಾಣುತ್ತಿತ್ತಂತೆ. 1968ರಲ್ಲಿ ಅಪ್ಪನ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಕಾವಿ ನೆಲ ಬಂತು. ಸಿಮೆಂಟಿಗೆ ಕೆಂಪು ಹುಡಿ ಬೆರೆಸಿ, ಗಾರೆಯ ಮೇಲೆ ತೆಳ್ಳಗೆ ಎಳೆದು, ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸಿ, ಮೇಲೆ ವಾರವಿಡೀ ನೀರು ಕಟ್ಟಿ ನಿಲ್ಲಿಸಿದ್ದರಂತೆ. ಮತ್ತೆ ಅದರ ಚಾಕರಿ ಅಮ್ಮನದು. ಬೆಳಗ್ಗೆ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರಸುವುದು, ಹಬ್ಬದ ಮುನ್ನಾದಿನ ತೆಂಗಿನೆಣ್ಣೆ ತಿಕ್ಕುವುದು. ಐವತ್ತು ವರ್ಷ ಈ ಕ್ರಮ ತಪ್ಪಿದ್ದನ್ನು ನಾನು ಕಾಣೆ.

2022ರ ಹೊತ್ತಿಗೆ ಅಮ್ಮನಿಗೆ ಎಂಬತ್ತೊಂದು. ಗಂಟುನೋವು ಜೋರಾಗಿತ್ತು. ಆಟಿ ತಿಂಗಳಲ್ಲಿ ನೆಲಕ್ಕೆ ಕಾಲಿಟ್ಟರೆ ಥಂಡಿ ನೆತ್ತಿಗೇರುತ್ತದೆ ಎನ್ನುತ್ತಿದ್ದಳು. ಟೈಲ್ಸ್ ಹಾಕಿದರೆ ಇನ್ನೂ ತಣ್ಣಗೆ, ಮೇಲಿಂದ ಜಾರುವ ಭಯ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ತನ್ನ ಬಾಡಿಗೆ ಮನೆಯ ನೆಲದ ಫೋಟೋ ಕಳಿಸಿದಳು. ನೋಡಲು ತೇಗದ ಹಲಗೆ. "ಲ್ಯಾಮಿನೇಟ್ ಅಪ್ಪಾ, ಕಾಲಿಗೆ ಬೆಚ್ಚಗಿರ್ತದೆ. ಹಳೆ ನೆಲ ಒಡೆಯಬೇಕೆಂದಿಲ್ಲ, ಮೇಲೆಯೇ ಹಾಸಿದರಾಯ್ತು" ಎಂದಳು.

ಕಾಞಂಗಾಡು ಕಡೆಯ ಮೇಸ್ತ್ರಿ ಬಂದು, "ತರ ಏತಾ ವೇಂಡದ್?" ಎಂದು ಕೇಳಿದ. ನಾನು "ಒಳ್ಳೆಯ ತರದ್ದೇ ಆಗಲಿ" ಎಂದೆ. ಅವರ 'ತರ' ಎಂದರೆ ನೆಲ ಎಂಬುದು ನೆನಪಾಗುವಾಗ ಇಬ್ಬರೂ ನಕ್ಕಾಗಿತ್ತು. ಗಡಿನಾಡಿನಲ್ಲಿ ಬದುಕುವವರಿಗೆ ಇಂಥ ಎಡವಟ್ಟು ಹೊಸತಲ್ಲ. ಆದರೆ ನಿಜವಾದ ಎಡವಟ್ಟು ಎರಡು ಭಾಷೆಗಳ ನಡುವೆ ಅಲ್ಲ, ನನ್ನ ಕನ್ನಡದಲ್ಲಿಯೇ ಕಾದು ಕೂತಿತ್ತು.

ಈ ಲ್ಯಾಮಿನೇಟ್ ಎಂಬುದು ಹಲಗೆಯ ವೇಷ ಹಾಕಿದ ವಸ್ತು. ಮರದ ನಾರನ್ನು ಅಂಟಿನೊಂದಿಗೆ ಬಲವಾಗಿ ಒತ್ತಿ ಮಾಡಿದ ಗಟ್ಟಿ ಹಾಳೆ. ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ. ಮೇಲಿಂದ ಪಾರದರ್ಶಕವಾದ ಮೆಲಮೈನ್ ಪದರ. ಸ್ವೀಡನ್ ದೇಶದಲ್ಲಿ 1977ರಲ್ಲಿ ಹುಟ್ಟಿದ್ದು. ದಪ್ಪ ಸಾಮಾನ್ಯವಾಗಿ 8 ಮಿಲಿಮೀಟರಿನಿಂದ 12. ಸವೆತ ತಾಳುವ ಶಕ್ತಿಗೆ 'ಎ.ಸಿ.' ಎಂಬ ಅಂಕೆ ಇರುತ್ತದೆ, ಮನೆಗೆ ಎ.ಸಿ. 3 ಸಾಕು, ಹೆಚ್ಚು ಓಡಾಟವಿದ್ದರೆ 4. ಹಾಸುವ ಮೊದಲು ಕಟ್ಟುಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಇಟ್ಟು ಅಲ್ಲಿನ ಹವೆಗೆ ಒಗ್ಗಿಸಬೇಕು. ಅಡಿಗೆ ಪಾಲಿಥೀನ್ ಹಾಳೆ, ಅದರ ಮೇಲೆ ಫೋಮ್. ಗೋಡೆಯ ಬುಡದಲ್ಲಿ ಸುತ್ತಲೂ 8-10 ಮಿಲಿಮೀಟರು ಸಂದು ಬಿಡಬೇಕು. ಏಕೆಂದರೆ ಹಲಗೆ ಹವೆಯ ತೇವ ಕುಡಿದು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ನಡುವೆ ಉಬ್ಬಿ ಏಳುತ್ತದೆ.

ಇಷ್ಟೆಲ್ಲ ನಾನು ಕಲಿತದ್ದು ಕೆಟ್ಟ ಮೇಲೆ. ಆಗ ನೋಡಿದ್ದು ಬಣ್ಣ ಮತ್ತು ಕ್ರಯ ಮಾತ್ರ. ಸಂದು ಕಂಡರೆ ಇರುವೆ ಸೇರುತ್ತದೆಂದು ಮೇಸ್ತ್ರಿಗೆ ಹೇಳಿ ಗೋಡೆಗೆ ತಾಗಿಸಿಯೇ ಹಾಕಿಸಿದವನು ನಾನು. ಮುರಕಲ್ಲಿನ ಪಂಚಾಂಗ ಮಳೆಗಾಲದಲ್ಲಿ ಕೆಳಗಿನಿಂದ ನೀರು ಹೀರುತ್ತದೆಂದು ತಿಳಿದೂ, ಫೋಮ್ ಒಂದೇ ಸಾಕೆಂದು ಪಾಲಿಥೀನ್ ಬಿಟ್ಟವನೂ ನಾನೇ.

ವಿಷುವಿನ ಹೊತ್ತಿಗೆ ನೆಲ ಸಿದ್ಧವಾಯಿತು. ಅಂಗಡಿಯವರು ಕೊಟ್ಟ ಪುಸ್ತಿಕೆ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಇತ್ತು. ಮಗ ಓದಿದ್ದು ಮಲಯಾಳ ಮಾಧ್ಯಮದಲ್ಲಿ, ಅವನಿಗೆ ತೊಂದರೆಯಿಲ್ಲ. ಅಮ್ಮನದು 1956ಕ್ಕೆ ಮೊದಲಿನ ಐದನೆಯ ಕ್ಲಾಸು, ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ಆದ್ದರಿಂದ ನಾನೇ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ: "ಮೆತ್ತನೆ ಹಿಡಿಸೂಡಿಯಲ್ಲಿ ಗುಡಿಸಿ. ಫಿನಾಯಿಲ್, ಎಣ್ಣೆ ಬೇಡ. ಕುರ್ಚಿ ಎಳೆಯಬೇಡಿ. ಒದ್ದೆ ಬಟ್ಟೆ ಹಾಕಬಾರದು." ಅಮ್ಮ ಕನ್ನಡಕ ಹಾಕಿ ನಿಧಾನವಾಗಿ ಓದಿದಳು. ಮಾರನೆಯ ದಿನ ಅವಳ ಕೋಣೆಯಲ್ಲಿದ್ದ ಬಟ್ಟೆಯ ಹಗ್ಗ ಚಾವಡಿಗೆ ಬಂದಿತ್ತು. ಹೊಸ ನೆಲದ ಮೇಲಿನ ಗೌರವ ಎಂದುಕೊಂಡೆ.

ಜೂನ್ ಬಂತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಉಪ್ಪಿನ ಭರಣಿಯೂ ಬೆವರುವ ಕಾಲ. ಆಟಿಯ ನಡುವಿನಲ್ಲಿ ಹಲಗೆಗಳ ಸೇರುವೆ ತುಟಿಯಂತೆ ಊದಿಕೊಂಡಿತು. ಮಂಚದ ಹತ್ತಿರ ನೆಲ ಉಬ್ಬಿ, ಮೆಟ್ಟಿದರೆ ಟಕ್ಕೆಂದು ಕೂರುತ್ತಿತ್ತು. ಒಂದು ಬೆಳಗಿನ ಜಾವ ಶಬ್ದ ಕೇಳಿ ಓಡಿದೆ. ಅಮ್ಮ ಆ ಅಂಚಿಗೆ ಎಡವಿ, ಮಂಚದ ಕಾಲು ಹಿಡಿದು ಹೇಗೋ ನಿಂತಿದ್ದಳು. ಪಕ್ಕದಲ್ಲಿ ನೀರಿನ ಬಾಲ್ದಿ, ಕೈಯಲ್ಲಿ ತೊಟ್ಟಿಕ್ಕುವ ಬಟ್ಟೆ.

"ಇದೆಂತ ಅಮ್ಮಾ, ಬರೆದು ಅಂಟಿಸಿದ್ದೇನಲ್ಲ!" ಹೆದರಿಕೆಗೆ ನನ್ನ ಸ್ವರ ಏರಿತು.

"ಒದ್ದೆ ಬಟ್ಟೆ ಹಾಕಬಾರದು ಅಂತ ಬರೆದಿದ್ದೀಯ. ಆ ದಿನದಿಂದ ಒಂದು ಸೀರೆಯನ್ನಾದರೂ ಈ ಕೋಣೆಯಲ್ಲಿ ಒಣಗಲು ಹಾಕಿದ್ದೇನಾ? ಹಗ್ಗವನ್ನೇ ಬಿಚ್ಚಿಸಲಿಲ್ಲವಾ?"

ನನಗೆ ಮಾತು ಹೊರಡಲಿಲ್ಲ. ನಮ್ಮಲ್ಲಿ 'ಬಟ್ಟೆ ಹಾಕುವುದು' ಎಂದರೆ ಹಗ್ಗದ ಮೇಲೆ ಒಣಗಲು ಹಾಕುವುದು, ನೆಲಕ್ಕಾದರೆ 'ಒರಸುವುದು'. ಅಮ್ಮನ ಓದಿನಲ್ಲಿ ತಪ್ಪಿರಲಿಲ್ಲ. ನಾಲ್ಕು ತಿಂಗಳು ಅವಳು ನಾವು ಏಳುವ ಮೊದಲೇ, ಗಂಟುನೋವು ಹೊತ್ತು, ಆ ನೆಲವನ್ನು ದಿನವೂ ಒರಸಿದ್ದಳು.

ಇನ್ನು ನೀರು ತಾಗಿಸಬಾರದು, ಎಣ್ಣೆಯೂ ಬೇಡ, ಸುಮ್ಮನೆ ಗುಡಿಸಿದರೆ ಸಾಕು ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ನೆಲಕ್ಕೆ ನನ್ನಿಂದ ಎಂತದೂ ಆಗಬೇಕಾದ್ದಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ತಾಗಿತು. ಅವಳ ಕಾಲಿನ ಸುಖ ನೋಡಿದ ನಾನು ಕೈಯ ಕೆಲಸವನ್ನು ನೋಡಿರಲಿಲ್ಲ.

ಎರಡು ದಿನದಲ್ಲಿ ಹಲಗೆ ತೆಗೆಸಿದೆ. ಫೋಮಿನ ಅಡಿ ಬೂಷ್ಟು ಹಿಡಿದಿತ್ತು. ಉಜ್ಜಿ ತೊಳೆದಾಗ ಕೆಳಗೆ ಅದೇ ಕಾವಿ ನೆಲ. ಕೂದಲೆಳೆಯಂಥ ಬಿರುಕುಗಳು, ಅಪ್ಪ ಒಮ್ಮೆ ತೇಪೆ ಹಾಕಿಸಿ ಬಣ್ಣ ಕೂಡಿಬಾರದೆ ಉಳಿದ ಕಪ್ಪುಗೆಂಪು ಕಲೆ, ಎಲ್ಲ ಇದ್ದ ಹಾಗೆ ಇದ್ದವು. ಎಣ್ಣೆ ತಿಕ್ಕಿದರೆ ಜಾರುತ್ತದೆಂಬ ಹೆದರಿಕೆ ನನ್ನದು. ತಿಕ್ಕದಿದ್ದರೆ ನೆಲ ಮಂಕಾಗುತ್ತದೆಂಬ ಬೇಸರ ಅವಳದು. ಕೊನೆಗೆ ರಾಜಿಯಾಯಿತು. ಗೋಡೆಯ ಬದಿಗೆ, ನಡೆದಾಡದ ಕಡೆ ಮಾತ್ರ ಎಣ್ಣೆ, ಅದೂ ಮಣೆಯ ಮೇಲೆ ಕೂತು. ಒರಸುವುದು ಹಗಲು, ನಾವು ಎದ್ದ ಮೇಲೆ. ಬಚ್ಚಲಿನವರೆಗೆ ಗೋಡೆಗೆ ಹಿಡಿಕೆ ಕೂರಿಸಿದೆವು. ಮನೆಯೊಳಗೆ ರಬ್ಬರು ಚಪ್ಪಲಿ ಹಾಕಲು ಒಪ್ಪಿಸಲು ಮಾತ್ರ ಒಂದು ತಿಂಗಳು ಹಿಡಿಯಿತು.

ಕೆಡದೆ ಉಳಿದ ಹಲಗೆಗಳನ್ನು ಮಾಳಿಗೆಯಲ್ಲಿ ಮಗನ ಕೋಣೆಗೆ ಹಾಸಿದೆವು. ಅಲ್ಲಿ ಕೆಳಗಿನ ತೇವವಿಲ್ಲ. ಈ ಸಲ ಸಂದು ಬಿಟ್ಟು, ಮೇಲೆ ಪಟ್ಟಿ ಹೊಡೆದು, ಕುರ್ಚಿಯ ಕಾಲಿಗೆ ಫೆಲ್ಟ್ ಅಂಟಿಸಿ, ತೋಟದ ಮರಳು ಗೀರದಂತೆ ಬಾಗಿಲಿಗೆ ಕಾಲೊರಸು ಹಾಕಿದೆ. ಇದಾಗಿ ಕೆಲವು ಮಳೆಗಾಲ ಕಳೆದವು, ನೆಲ ಅಲುಗಿಲ್ಲ.

ಅಲ್ಲಿಗೂ ಒಂದು ಚೀಟಿ ಬರೆದೆ. ಅಂಟಿಸುವ ಮೊದಲು ಅಮ್ಮನಿಗೆ ತೋರಿಸಿದೆ: "ಈ ನೆಲವನ್ನು ಒದ್ದೆ ಬಟ್ಟೆಯಿಂದ ಒರಸಬಾರದು."

ಅವಳು ಎರಡು ಸಲ ಓದಿ, ಕನ್ನಡಕ ತೆಗೆದು, "ಈಗ ಸರಿ. ಮೊದಲೇ ಹೀಗೆ ಬರೆದಿದ್ದರೆ ನಿನ್ನ ಹಣ ಉಳಿಯುತ್ತಿತ್ತು ಮಗಾ" ಎಂದಳು.