ಹಿತ್ತಲಿಲ್ಲದ ಮನೆ

ಮನೆಯೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಮುಂಬಾಗಿಲು. ಹೊಸ್ತಿಲ ಮುಂದಣ ರಂಗೋಲಿ, ಮಾವಿನ ತೋರಣ, ಜಗಲಿ, ನಡುಮನೆಯ ತೂಗುಮಂಚ—ಇವುಗಳ ವರ್ಣನೆಗೆ ನಮ್ಮಲ್ಲಿ ಎಂದೂ ಬರವಿಲ್ಲ. ಹಿತ್ತಲ ಬಾಗಿಲಿಗೆ ಆ ಭಾಗ್ಯವಿಲ್ಲ. ಬಚ್ಚಲ ನೀರು ಎತ್ತ ಹರಿಯುತ್ತದೆ, ಕಕ್ಕಸಿನ ಗತಿ ಏನಾಗುತ್ತದೆ ಎಂದು ಗೃಹಪ್ರವೇಶಕ್ಕೆ ಬಂದ ಅತಿಥಿಗಳು ಕೇಳುವುದಿಲ್ಲ; ಯಜಮಾನನೂ ಹೇಳಹೋಗುವುದಿಲ್ಲ. ಹೀಗಿರುವಾಗ ಹಿತ್ತಲೆಂಬುದೇ ಇಲ್ಲದ ಮನೆಯಲ್ಲಿ ಕೆಲವು ದಿನ ವಾಸಮಾಡಬೇಕಾಗಿ ಬಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹೇಳಹೊರಟಿರುವುದರಿಂದ ವಾಚಕರು ಒಂದಿಷ್ಟು ಹೊತ್ತು ಮೂಗನ್ನು ಮುಚ್ಚಿಕೊಳ್ಳದೆ ಇರಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಅಂಥ ಮನೆಗಳು ಅಮೆರಿಕದಲ್ಲಿ ಲಕ್ಷಗಟ್ಟಲೆ ಉಂಟು. ಅವಕ್ಕೆ ಅಲ್ಲಿಯವರು ಮೋಟಾರ್‌ಹೋಂ ಎನ್ನುತ್ತಾರೆ. ಲಾರಿಯ ಅಡಿಪಾಯ, ಅದರ ಮೇಲೆ ಅಡಿಗೆಮನೆ, ಮಲಗುವ ಮನೆ, ಸ್ನಾನದ ಮನೆ. ಹಳ್ಳಿಯ ಕಮಾನುಗಾಡಿಗೆ ಎಂಜಿನ್ನೂ ವಿದ್ಯುತ್ತೂ ಕೂಡಿಬಂದಂತೆ. ಇದರ ಇತಿಹಾಸ ಹಳೆಯದು. 1910ರಲ್ಲಿ ಪಿಯರ್ಸ್-ಆ್ಯರೋ ಕಂಪನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ‘ಟೂರಿಂಗ್ ಲ್ಯಾಂಡೋ’ ಎಂಬ ಬಂಡಿಯನ್ನು ಪ್ರದರ್ಶಿಸಿತು. ಹಾಸಿಗೆಯಾಗುವ ಆಸನ, ಮಡಿಸಿಡುವ ಕೈತೊಳೆಯುವ ಬೋಸಿ, ಸಾರಥಿಯೊಡನೆ ಮಾತನಾಡಲು ಟೆಲಿಫೋನು ಎಲ್ಲವೂ ಇದ್ದ ಆ ವೈಭವದ ಬಂಡಿಯಲ್ಲಿ ಶೌಚಕ್ಕೆ ಇದ್ದುದು ಒಂದು ಪಾತ್ರೆ ಮಾತ್ರ! 1966ರಲ್ಲಿ ಅಯೋವಾ ಪ್ರಾಂತದ ವಿನಿಬೇಗೋ ಕಂಪನಿ ಮೋಟಾರ್‌ಹೋಂಗಳನ್ನು ತಯಾರಿಸಲು ತೊಡಗಿದ ಮೇಲೆ ಈ ಮನೆ ಸಾಮಾನ್ಯ ಗೃಹಸ್ಥರ ಅಂಗಳಕ್ಕೂ ಬಂದಿತು.

2023ರ ಡಿಸೆಂಬರಿನಲ್ಲಿ ನಾವು ಅರಿಝೋನದ ಫೀನಿಕ್ಸ್ ನಗರದಲ್ಲಿದ್ದೆವು. ಅಲ್ಲಿ ಎಂಜಿನಿಯರಾಗಿರುವ ನನ್ನ ಭಾವಮೈದ ಅಂಥದೊಂದು ವಾಹನವನ್ನು ಬಾಡಿಗೆಗೆ ತಂದ. ಅವನು, ಅವನ ಹೆಂಡತಿ, ಎಂಟು ವರ್ಷದ ಮಗಳು, ನಾವು ದಂಪತಿಗಳು, ಎಪ್ಪತ್ತು ದಾಟಿದ ನಮ್ಮ ಅತ್ತೆಯವರು—ಹೀಗೆ ಆರು ಮಂದಿ ಪಶ್ಚಿಮಾಭಿಮುಖವಾಗಿ ಸುಮಾರು ಇನ್ನೂರು ಕಿಲೋಮೀಟರು ಪಯಣಿಸಿ ಕ್ವಾರ್ಟ್ಸ್‌ಸೈಟ್ ಎಂಬ ಊರನ್ನು ಸೇರಿದೆವು.

ಕ್ವಾರ್ಟ್ಸ್‌ಸೈಟ್ ಬೇಸಿಗೆಯಲ್ಲಿ ಎರಡು ಸಾವಿರ ಚಿಲ್ಲರೆ ಜನರ ಮರಳುಗಾಡಿನ ಪುಟ್ಟ ಊರು. ಸುತ್ತ ಕಲ್ಲುಹರಳಿನ ಬಯಲು, ಕೈಯೆತ್ತಿ ನಿಂತ ಸಾಗ್ವಾರೋ ಕಳ್ಳಿಗಳು, ಸಂಜೆ ನೇರಳೆಬಣ್ಣಕ್ಕೆ ತಿರುಗುವ ಬೋಳುಗುಡ್ಡಗಳು. ಚಳಿಗಾಲ ಬಂದಿತೆಂದರೆ ಉತ್ತರದ ಹಿಮನಾಡುಗಳಿಂದ ನಿವೃತ್ತ ದಂಪತಿಗಳು ತಮ್ಮ ಮನೆಗಳನ್ನೇ ಓಡಿಸಿಕೊಂಡು ಇಲ್ಲಿಗೆ ಇಳಿಯುತ್ತಾರೆ. ಅವರನ್ನು ‘ಹಿಮಪಕ್ಷಿಗಳು’ ಎಂದೇ ಕರೆಯುವುದು ವಾಡಿಕೆ. ರಂಗನತಿಟ್ಟಿಗೆ ಕೊಕ್ಕರೆಗಳು ಬಂದು ಮರಗಳೆಲ್ಲ ಬೆಳ್ಳಗಾಗುವಂತೆ ಆ ಬಯಲೆಲ್ಲ ಬಿಳಿಯ ವಾಹನಗಳಿಂದ ತುಂಬಿಹೋಗುತ್ತದೆ. ಊರಿನ ಸ್ಮಶಾನದಲ್ಲಿ ಪಿರಮಿಡ್ಡಿನ ಆಕಾರದ ಗೋರಿಯೊಂದಿದೆ. ಅದರ ನೆತ್ತಿಯ ಮೇಲೆ ಲೋಹದ ಒಂಟೆ. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದ ಸೈನ್ಯ ಮರಳುಗಾಡಿನ ಸಾಗಣೆಗಾಗಿ ಒಂಟೆಗಳನ್ನು ತರಿಸಿದಾಗ ಅವುಗಳೊಡನೆ ಬಂದ ಹಾಜಿ ಅಲಿ ಎಂಬ ಪಾಲಕನ ಗೋರಿ ಅದು. ಅವನ ಹೆಸರನ್ನು ಉಚ್ಚರಿಸಲಾರದ ಜನ ‘ಹೈ ಜಾಲಿ’ ಎಂದರು. 1902ರಲ್ಲಿ ಅವನು ತೀರಿಕೊಂಡ. ಬೇಕಾದುದನ್ನೆಲ್ಲ ಬೆನ್ನ ಮೇಲೆ ಹೇರಿಕೊಂಡು ಮರಳುಗಾಡಿಗೆ ಬರುವವರ ಊರಿಗೆ ಇದಕ್ಕಿಂತ ತಕ್ಕ ಸ್ಮಾರಕ ಉಂಟೆ?

ಊರಿನ ದಕ್ಷಿಣಕ್ಕೆ ಲಾ ಪೋಸಾ ಎಂಬ ಸರ್ಕಾರೀ ಬಯಲು. ಅಮೆರಿಕದ ಭೂನಿರ್ವಹಣಾ ಇಲಾಖೆ 1983ರಿಂದ ಇಂಥ ಬಯಲುಗಳಲ್ಲಿ ದೀರ್ಘಕಾಲದ ಬಿಡಾರಕ್ಕೆ ಅವಕಾಶ ಕೊಟ್ಟಿದೆ. ಶುಲ್ಕ ಕೊಟ್ಟು ಮನಬಂದಲ್ಲಿ ಮನೆ ನಿಲ್ಲಿಸಬಹುದು. ಬೇಲಿಯಿಲ್ಲ, ಬೀದಿಯಿಲ್ಲ, ನಂಬರಿಲ್ಲ. ಆದರೆ ನಿಯಮವೊಂದುಂಟು: ವಾಹನದಲ್ಲಿ ಕೊಳೆನೀರಿಗೆ ಕನಿಷ್ಠ 10 ಗ್ಯಾಲನ್, ಎಂದರೆ ಸುಮಾರು 38 ಲೀಟರು ಹಿಡಿಯುವ ಭದ್ರವಾದ ತೊಟ್ಟಿಯಿರಬೇಕು, ಅದಿಲ್ಲದವರು ಸಾರ್ವಜನಿಕ ಶೌಚಾಲಯದ ಸಮೀಪದಲ್ಲೇ ಬಿಡಾರ ಹೂಡಬೇಕು.

ನಮ್ಮ ವಾಹನದ ಹೊಟ್ಟೆಯಲ್ಲಿ ಅಂಥ ತೊಟ್ಟಿಗಳು ಮೂರಿದ್ದವು. ಮೊದಲನೆಯದು ಸುಮಾರು 150 ಲೀಟರಿನ ಸಿಹಿನೀರಿನ ತೊಟ್ಟಿ. ಎರಡನೆಯದು ಸ್ನಾನದ, ಪಾತ್ರೆ ತೊಳೆದ ನೀರು ಸೇರುವ ‘ಬೂದು’ ತೊಟ್ಟಿ. ಮೂರನೆಯದು ಶೌಚದ ‘ಕಪ್ಪು’ ತೊಟ್ಟಿ. ಇವೆರಡೂ 115 ಲೀಟರಿನ ಸುಮಾರಿನವು. ಒಳಗೆ ಬಂದ ನೀರೆಲ್ಲ ಈ ಎರಡರಲ್ಲಿ ಒಂದನ್ನು ಸೇರಿಯೇ ತೀರಬೇಕು. ಹೊರಗೆ ಹೋಗಲು ಬೇರೆ ದಾರಿಯಿಲ್ಲ. ನಮ್ಮ ಮನೆಗಳಲ್ಲಿ ಕೊಳಾಯಿ ತಿರುಗಿಸಿದಾಗ ನೀರಿನ ಆದಿಯೂ ತಿಳಿಯದು, ಅಂತ್ಯವೂ ತಿಳಿಯದು. ಇಲ್ಲಿ ಆದಿ ಅಂತ್ಯಗಳೆರಡೂ ಕಾಲ ಕೆಳಗೇ ಇವೆ.

ಅತ್ತೆಯವರಿಗೆ ಮೊದಲು ಎದುರಾದುದು ಮಡಿಯ ಪ್ರಶ್ನೆ. ಅಡಿಗೆಯ ಒಲೆಗೂ ಶೌಚದ ಬಾಗಿಲಿಗೂ ನಡುವೆ ಒಂದು ಮಾರು ದೂರ. ಅದೂ ಸಾಲದೆಂದು ಶೌಚದ ತೊಟ್ಟಿ ಮಲಗುವ ಮಂಚದ ಬುಡದಲ್ಲಿಯೇ! ಅವರು ಮೊದಲ ದಿನ ಅವಲಕ್ಕಿ ಮೊಸರಿನಲ್ಲೇ ಕಳೆದರು. ಎರಡನೆಯ ದಿನ ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕಿದರು. ಆಪದ್ಧರ್ಮ ಎಂಬ ಮಾತು ಶಾಸ್ತ್ರದಲ್ಲಿ ಸುಮ್ಮನೆ ಬಂದಿಲ್ಲ.

ಕಪ್ಪು ತೊಟ್ಟಿಯ ಶಾಸ್ತ್ರವೂ ಸ್ವಾರಸ್ಯವಾದುದೇ. ಆಸನದ ಪಕ್ಕದಲ್ಲಿ ಒಂದು ಕಾಲೊತ್ತಿಗೆ. ಅರ್ಧ ಒತ್ತಿದರೆ ನೀರು ಬರುತ್ತದೆ. ಪೂರ್ತಿ ಒತ್ತಿದರೆ ತಳದ ಮುಚ್ಚಳ ಸರಿಯುತ್ತದೆ. ತೊಟ್ಟಿಯ ದುರ್ವಾಯು ಛಾವಣಿಗೆ ಏರಲು ಒಂದು ಕೊಳವೆಯಿದೆ. ಸ್ನಾನದ ಮನೆಯ ಗಾಳಿಯಂತ್ರ ತಿರುಗುತ್ತಿರುವಾಗ ಮುಚ್ಚಳ ತೆರೆದರೆ ಆ ವಾಯು ಮೇಲೇರುವ ಬದಲು ಮನೆಯೊಳಗೇ ನುಗ್ಗುತ್ತದೆ. ಆದುದರಿಂದ ಯಂತ್ರವನ್ನು ಮೊದಲು ನಿಲ್ಲಿಸಬೇಕು. ಎಲ್ಲಕ್ಕಿಂತ ದೊಡ್ಡ ಸೂತ್ರವೆಂದರೆ ತೊಟ್ಟಿಯಲ್ಲಿ ನೀರು ಸದಾ ಧಾರಾಳವಾಗಿರಬೇಕು. ವಿದ್ಯುತ್ತು, ನೀರು, ಮೋರಿ ಎಲ್ಲದರ ಸಂಪರ್ಕವಿರುವ ಬಿಡಾರಗಳೂ ಉಂಟು. ಅಲ್ಲಿ ಕೊಳವೆಯನ್ನು ಮೋರಿಗೆ ಜೋಡಿಸಿ ಕವಾಟವನ್ನು ಸದಾ ತೆರೆದಿಟ್ಟರಾಯಿತೆಂದು ಹೊಸಬರಿಗೆ ತೋರುತ್ತದೆ. ಹಾಗೆ ಮಾಡಿದರೆ ನೀರೆಲ್ಲ ಮೊದಲೇ ಹರಿದುಹೋಗಿ ಘನಪದಾರ್ಥ ಮಾತ್ರ ಉಳಿದು, ಒಣಗಿ, ದಿಬ್ಬವಾಗುತ್ತದೆ. ಹೈ ಜಾಲಿಯ ಗೋರಿಯ ಆಕಾರದ ಆ ದಿಬ್ಬವನ್ನು ಒಡೆಯುವುದು ಸಾಮಾನ್ಯ ಕಷ್ಟವಲ್ಲ. ಆದುದರಿಂದ ಕವಾಟವನ್ನು ಮುಚ್ಚಿಯೇ ಇಟ್ಟು, ತೊಟ್ಟಿ ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು. ಹೊರಳುವ ನೀರಿನ ರಭಸವೇ ತೊಟ್ಟಿಯನ್ನು ತೊಳೆಯುತ್ತದೆ.

ಇಲ್ಲಿ ನಮ್ಮ ಪದ್ಧತಿಗೆ ಒಂದು ಅನುಕೂಲವೂ ಒಂದು ಅನನುಕೂಲವೂ ಕಂಡವು. ಪಶ್ಚಿಮದವರ ಕಾಗದ ತೊಟ್ಟಿಯಲ್ಲಿ ಗಂಟುಕಟ್ಟುತ್ತದೆ. ಬೇಗ ಕರಗುವ ತೆಳುಕಾಗದವನ್ನೇ ಹುಡುಕಿ ಕೊಳ್ಳಬೇಕು. ಮಟ್ಟವನ್ನು ಸೂಚಿಸುವ ಗುಂಡಿಗಳಿಗೆ ಅದು ಅಂಟಿಕೊಂಡರೆ ಖಾಲಿಯಾದ ತೊಟ್ಟಿಯೂ ತುಂಬಿದೆಯೆಂದು ದೀಪ ಸುಳ್ಳು ಹೇಳುತ್ತದೆ. ಅದನ್ನು ಬಿಡಿಸಲು ಮಂಜುಗಡ್ಡೆಯ ತುಂಡುಗಳನ್ನು ಸುರಿದು ಮೈಲಿಗಟ್ಟಲೆ ವಾಹನ ಓಡಿಸುವ ಭಕ್ತರೂ ಅಲ್ಲಿದ್ದಾರೆ. ತಂಬಿಗೆಯ ನಂಬುಗೆಯುಳ್ಳ ನಮಗೆ ಆ ತೊಡಕಿಲ್ಲ. ಆದರೆ ಆರು ಮಂದಿಯ ತಂಬಿಗೆಯ ನೀರು ಕೂಡಿ, ವಾರ ತಡೆಯಬೇಕಾದ ತೊಟ್ಟಿ ಮೂರೇ ದಿನಕ್ಕೆ ಸಾಕೆಂದಿತು.

ಬೂದು ತೊಟ್ಟಿ ಹೆಸರಿಗೆ ಸಾಧು, ಗುಣದಲ್ಲಿ ಹಾಗಲ್ಲ. ಎಣ್ಣೆ ಜಿಡ್ಡು, ಅನ್ನದ ಅಗುಳು, ಅಕ್ಕಿ ತೊಳೆದ ನೀರು ಬೆಚ್ಚಗೆ ಕೊಳೆತರೆ ಅದರ ವಾಸನೆ ಕಪ್ಪು ತೊಟ್ಟಿಯನ್ನೂ ನಾಚಿಸುತ್ತದೆ. ಅತ್ತೆಯವರ ಮನಸ್ಸಿಗೆ ಬಂದುದು ಹಿತ್ತಲ ಬಾಳೆ. “ಈ ನೀರನ್ನು ಆ ಕಳ್ಳಿಯ ಬುಡಕ್ಕಾದರೂ ಹಾಕಬಾರದೆ?” ಎಂದರು. ನಮ್ಮೂರಿನ ಬಚ್ಚಲ ನೀರಿನಲ್ಲಿ ಬಾಳೆ ಗೊನೆಬಿಡುತ್ತದೆ, ಕೆಸು ಕೊಬ್ಬುತ್ತದೆ, ನಿಜ. ಆದರೆ ಮಳೆಯೇ ಅಪರೂಪವಾದ ಆ ನೆಲದಲ್ಲಿ ಸಾವಿರಾರು ಮನೆಗಳು ಹೀಗೆ ಸುರಿದರೆ ಕಲೆ ತೊಳೆದುಹೋಗುವುದು ಯಾವಾಗ? ಅಲ್ಲಿ ಅದಕ್ಕೆ ನಿಷೇಧವಿದೆ. ಅಂದಿನಿಂದ ಅವರು ತಟ್ಟೆಗಳನ್ನು ಮೊದಲು ಕಾಗದದಲ್ಲಿ ಒರಸಿ ಆಮೇಲೆ ತೊಳೆಯುವ ಕ್ರಮವನ್ನು ತಾವೇ ಜಾರಿಗೆ ತಂದರು. ಅರ್ಧ ಚೊಂಬಿನಲ್ಲಿ ಮುಗಿಯುವ ಕೆಲಸಕ್ಕೆ ನಾವು ಊರಿನಲ್ಲಿ ಎಷ್ಟು ನೀರು ಸುರಿಯುತ್ತೇವೆಂದು ಆಗ ತಿಳಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ತೊಟ್ಟಿಗಳನ್ನು ಬರಿದುಮಾಡಲು ಹೊರಟೆವು. ಇದಕ್ಕಾಗಿಯೇ ಲಾ ಪೋಸಾದಲ್ಲಿ ಕಟ್ಟೆಯೊಂದಿದೆ. ಡಂಪ್ ಸ್ಟೇಷನ್ ಎಂದು ಅದರ ಹೆಸರು. ಸಿಮೆಂಟಿನ ನೆಲ, ನಡುವೆ ಮುಚ್ಚಳವಿರುವ ಬಾಯಿ. ಮುಂದೆ ವಾಹನಗಳ ಸಾಲು. ಭಾವಮೈದ ಕೈಗವಸು ತೊಟ್ಟು, ಮೂರಂಗುಲ ವ್ಯಾಸದ ಸುರುಳಿಗೊಳವೆಯ ಒಂದು ತುದಿಯನ್ನು ವಾಹನಕ್ಕೂ ಇನ್ನೊಂದನ್ನು ನೆಲದ ಬಾಯಿಗೂ ಬಿಗಿದ. ಮೊದಲು ಕಪ್ಪು ತೊಟ್ಟಿಯ ಕವಾಟ, ಅದು ಬರಿದಾದ ಮೇಲೆ ಬೂದು ತೊಟ್ಟಿಯದು. ಸಾಬೂನು ನೀರು ಹಿಂದಿನಿಂದ ಬಂದು ಕೊಳವೆಯನ್ನು ತೊಳೆಯಲೆಂದು ಈ ಕ್ರಮ. ಕೊಳವೆಯ ಮೊಣಕೈ ಗಾಜಿನಂತೆ ಪಾರದರ್ಶಕ. ಅದರಲ್ಲಿ ಹರಿಯುವುದು ತಿಳಿಯಾಗುವವರೆಗೂ ನೋಡುತ್ತ ನಿಲ್ಲಬೇಕು. ಕೊಳವೆ ತೊಳೆಯಲು ಬೇರೊಂದು ನಲ್ಲಿಯಿದೆ. ಕುಡಿಯುವ ನೀರಿನ ನಲ್ಲಿಯ ಹತ್ತಿರ ಆ ಕೊಳವೆಯನ್ನು ಸುಳಿಸಕೂಡದು. ಕೊನೆಗೆ ಬರಿದಾದ ಕಪ್ಪು ತೊಟ್ಟಿಗೆ ಒಂದೆರಡು ಕೊಡ ನೀರನ್ನೂ ಔಷಧವನ್ನೂ ಹಾಕಬೇಕು. ಹಿಂದೆ ಈ ಔಷಧಗಳಲ್ಲಿ ಫಾರ್ಮಾಲ್ಡಿಹೈಡ್ ಬಳಸುತ್ತಿದ್ದರು. ಅದು ಮಲವನ್ನು ಕೊಳೆಸುವ ಉಪಕಾರಿ ಜೀವಾಣುಗಳನ್ನೂ ಕೊಲ್ಲುವುದರಿಂದ ಈಗ ಜೀವಾಣುಗಳನ್ನೇ ಬಳಸುವ ಔಷಧಗಳು ಬಂದಿವೆ. ನೆಲವನ್ನು ನೀರೆರಚಿ ತೊಳೆದು, ಮುಚ್ಚಳ ಹಾಕಿ ಹೊರಟರೆ ಮುಗಿಯಿತು. ಒಟ್ಟು ಕಾಲು ಗಂಟೆಯ ಕೆಲಸ.

ನನಗೆ ವಿಶೇಷವಾಗಿ ಕಂಡುದು ಆ ಸಾಲು. ಮುಂದೆ ನಮ್ಮ ಸಾರಿಗೆ ಬಸ್ಸಿನಷ್ಟು ಉದ್ದದ, ಅರಮನೆಯಂಥ ವಾಹನ. ಹಿಂದೆ ತುಕ್ಕುಹಿಡಿದ ಹಳೆಯ ವ್ಯಾನು. ಅರಮನೆಯಿಂದ ಇಳಿದಾತ ಮಿನೆಸೋಟದ ನಿವೃತ್ತ ಮುಖ್ಯೋಪಾಧ್ಯಾಯ. ಬಿಳಿಯ ಮೀಸೆಯ ಆ ವೃದ್ಧರು ಮಂಡಿಯೂರಿ ಕೊಳವೆ ಬಿಗಿದರು, ಬಿಚ್ಚಿದರು, ನೆಲ ತೊಳೆದರು. ಅವರ ಪತ್ನಿ ಕಿಟಕಿಯಿಂದ ಹವಾಮಾನದ ಮಾತಾಡುತ್ತಿದ್ದರು. ಯಾರ ಮುಖದಲ್ಲಿಯೂ ಹೇಸಿಗೆಯಾಗಲಿ ನಾಚಿಕೆಯಾಗಲಿ ಇರಲಿಲ್ಲ.

ಅತ್ತೆಯವರು ಕಟ್ಟೆಯ ಪಕ್ಕದಲ್ಲಿ ಸೆರಗು ಹೊದ್ದು ನಿಂತು ಇದನ್ನೆಲ್ಲ ನೋಡುತ್ತಿದ್ದರು. “ಇದಕ್ಕೆ ಬೇರೆ ಆಳುಗಳಿಲ್ಲವೆ?” ಎಂದು ಮಗನನ್ನು ಕೇಳಿದರು. ಇಲ್ಲವೆಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ತವರಿನ ಮಾತೆತ್ತಿದರು. ಬಸವನಗುಡಿಯ ಮನೆಯ ಹಿಂದೆ ಒಂದು ಕಿರುಗಲ್ಲಿ. ಕಕ್ಕಸಿನ ಕೆಳಗೊಂದು ಪುಟ್ಟ ಬಾಗಿಲು ಆ ಗಲ್ಲಿಗೆ ತೆರೆಯುತ್ತಿತ್ತು. ದಿನವೂ ಬೆಳಗಿನ ಜಾವ ಒಬ್ಬಾಕೆ ಬಂದು ಡಬ್ಬಿಯನ್ನು ಎಳೆದು ಬರಿದುಮಾಡಿ ಹೋಗುತ್ತಿದ್ದಳು. “ಹಬ್ಬಕ್ಕೆ ಅವಳಿಗೆ ಊಟ ಇಡುತ್ತಿದ್ದೆವು, ಹಳೆಯ ಸೀರೆ ಕೊಡುತ್ತಿದ್ದೆವು. ಹತ್ತು ವರ್ಷ ಬಂದಳು. ಅವಳ ಹೆಸರೇನೆಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ” ಎಂದರು. ಆಮೇಲೆ ಮೊಮ್ಮಗಳ ಕೈಹಿಡಿದು ವಾಹನ ಹತ್ತಿದರು.

ಬೆಂಗಳೂರಿನಲ್ಲಿ ಪ್ಲೇಗಿನ ಮಾರಿ ಬಂದ 1898ರ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಆ ಹಿಂಗಲ್ಲಿಗಳ ಗುರುತು ಇನ್ನೂ ಅಲ್ಲಲ್ಲಿ ಉಂಟು. ನಗರ ನಿರ್ಮಾಣದ ದೃಷ್ಟಿಯಿಂದ ಅದು ಅಚ್ಚುಕಟ್ಟಾದ ಏರ್ಪಾಟು. ಆದರೆ ಮಲವನ್ನೂ ಅದನ್ನು ಹೊರುವವರನ್ನೂ ಒಟ್ಟಿಗೇ ಕಣ್ಮರೆಮಾಡುವ ಏರ್ಪಾಟೂ ಅದೇ ಆಗಿತ್ತು. 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧೀಜಿ ಪೊರಕೆ ಹಿಡಿದು ಕಕ್ಕಸನ್ನು ತಾವೇ ಶುಚಿಗೊಳಿಸಿದರು. ಜೊತೆಯವರು ಬೆರಗಾದರು, ಪೊರಕೆ ಹಿಡಿಯಲಿಲ್ಲ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಮೊದಲಲ್ಲಿ ನಿಷೇಧಿಸಿದವರು ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಇಡೀ ದೇಶಕ್ಕೆ 1993ರಲ್ಲಿ ಒಂದು ಶಾಸನ, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಶಾಸನ ಬಂದವು. ಆದರೂ ಮಲಗುಂಡಿಗೆ ಇಳಿದವರು ಉಸಿರುಕಟ್ಟಿ ಸತ್ತ ವಾರ್ತೆಯನ್ನು ನಾವು ಇಂದಿಗೂ ಪತ್ರಿಕೆಯಲ್ಲಿ ಓದುತ್ತೇವೆ. ಓದಿ ಪುಟ ತಿರುಗಿಸುತ್ತೇವೆ.

ಮೋಟಾರ್‌ಹೋಂಗಳ ಜನ ನಮಗಿಂತ ಪುಣ್ಯವಂತರೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವರ ಊರುಗಳಲ್ಲಿಯೂ ಮೋರಿ ನೆಲದಡಿಯಲ್ಲಿ ಅಡಗಿದೆ. ಆ ಕಟ್ಟೆಯ ಕೆಳಗಿನ ಗುಂಡಿಯನ್ನು ನೋಡಿಕೊಳ್ಳುವವರೂ ಬೇರೆ ಯಾರೋ ಇದ್ದಾರೆ. ಮನೆ ಚಿಕ್ಕದಾಗಿ ಹಿತ್ತಲು ಇಲ್ಲವಾದುದರಿಂದ ಅವರಿಗೆ ಈ ಪಾಠ ಬಂದಿದೆ, ಅಷ್ಟೆ. ಆದರೂ ಒಂದು ಸಂಗತಿ ಅಲ್ಲಿ ಸ್ಪಷ್ಟವಾಯಿತು. ಈ ಕೆಲಸವನ್ನು ಕೀಳೆಂದು ಎಣಿಸಲು ಅದರ ಸ್ವಭಾವದಲ್ಲಿ ಕಾರಣವಿಲ್ಲ. ಕೈಗವಸು, ಭದ್ರವಾದ ಕೊಳವೆ, ಧಾರಾಳವಾದ ನೀರು ಇಷ್ಟು ಒದಗಿದರೆ ಮುಖ್ಯೋಪಾಧ್ಯಾಯರು ಮಾಡಬಲ್ಲರು, ಎಂಜಿನಿಯರೂ ಮಾಡಬಲ್ಲ. ಮಾಡಿ ಕೈತೊಳೆದು ಕಾಫಿ ಕುಡಿಯಬಲ್ಲರು. ನಾವು ಆ ಕೆಲಸದಿಂದ ಸಲಕರಣೆಗಳನ್ನು ಕಿತ್ತುಕೊಂಡು, ಬರಿಗೈಗೆ ಅದನ್ನು ಹಚ್ಚಿ, ಆ ಕೈಯನ್ನು ಹೊಲೆಯೆಂದೆವು.

ನಮ್ಮ ರಾಜ್ಯದ ಕಡಲತೀರ ಮಲೆನಾಡುಗಳಿಗೂ ಇಂಥ ಬಂಡಿಗಳು ಬರತೊಡಗಿವೆ. ಕೊಳ್ಳುವವರು ಹಾಸಿಗೆಯ ಮೆತ್ತನೆಯನ್ನೂ ಕಿಟಕಿಯ ನೋಟವನ್ನೂ ವಿಚಾರಿಸುವುದು ಸಹಜ. ಅದರೊಡನೆ ಬಂಡಿಯ ಕೆಳಗೆ ಬಗ್ಗಿ, ತೊಟ್ಟಿ ಎಷ್ಟು ಹಿಡಿಯುತ್ತದೆ, ಅದನ್ನು ಎಲ್ಲಿ ಬರಿದುಮಾಡಬೇಕು, ಮಾಡುವ ಕೈ ಯಾರದು ಎಂಬ ಮೂರು ಪ್ರಶ್ನೆಗಳನ್ನೂ ಕೇಳಲಿ. ಮೂರನೆಯದಕ್ಕೆ ‘ನನ್ನದು’ ಎಂಬ ಉತ್ತರ ಬರುವುದಾದರೆ ಪ್ರಯಾಣ ಸುಖಕರವಾಗುವುದರಲ್ಲಿ ಸಂದೇಹವಿಲ್ಲ.