ರೇಷ್ಮೆ ಮೈಯ ಓತಿಕ್ಯಾತ

ಓತಿಕ್ಯಾತವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತೆರಕಣಾಂಬಿಗೆ ಹೋದ ಮೊದಲ ಮನುಷ್ಯಳು ಬಹುಶಃ ನಾನೇ ಇರಬೇಕು. 2023ರ ಜುಲೈ. ಅದಕ್ಕೆ ಚಳಿಯಾಗಬಾರದು ಅಂತ ಎಸಿ ಹಾಕಲಿಲ್ಲ, ಗಾಳಿ ಬಡಿಯಬಾರದು ಅಂತ ಕಿಟಕಿಯನ್ನೂ ಇಳಿಸಲಿಲ್ಲ. ಬೆಂಗಳೂರಿನಿಂದ ಮೈಸೂರು, ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆ ಮುಟ್ಟುವ ಹೊತ್ತಿಗೆ ನಾನು ಇಡ್ಲಿ ಪಾತ್ರೆಯೊಳಗಿಂದ ಎದ್ದು ಬಂದವಳ ಹಾಗಿದ್ದೆ. ಅದು ಮಾತ್ರ ಪ್ಲಾಸ್ಟಿಕ್ ಡಬ್ಬಿಯೊಳಗೆ ಒದ್ದೆ ಟವೆಲ್ ಮೇಲೆ ಆರಾಮಾಗಿ ಮಲಗಿತ್ತು.

ಅಪ್ಪ ಡಬ್ಬಿಯ ಮುಚ್ಚಳ ತೆಗೆದು ನೋಡಿ ಕೇಳಿದ ಮೊದಲ ಪ್ರಶ್ನೆ: "ಏನವ್ವ ಇದು, ಓತಿಕ್ಯಾತವ ದುಡ್ಡು ಕೊಟ್ಟು ತಂದಿದ್ದೀಯಾ?"

ಎರಡನೇ ಪ್ರಶ್ನೆ: "ಇದರ ಚರ್ಮ ಯಾರು ಸುಲಿದ್ರು?"

ಎರಡನೇ ಪ್ರಶ್ನೆಗೆ ಉತ್ತರ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಿಯರ್ಡೆಡ್ ಡ್ರ್ಯಾಗನ್ ಅಂದರೆ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯ ಓತಿ. ನಮ್ಮ ಬೇಲಿ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತ ಇದೆಯಲ್ಲ, ಅದೇ ಕುಟುಂಬದ್ದು, ದೂರದ ದಾಯಾದಿ. ಇದೂ ತಲೆ ಆಡಿಸುತ್ತೆ. ಸಿಟ್ಟು ಬಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮವನ್ನು ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತೆ. ಗಡ್ಡ ಬಿಟ್ಟ ಹಾಗೆ ಕಾಣುವುದರಿಂದ ಆ ಹೆಸರು. "ನಿನ್ನ ತಂಟೆಗೆ ಬರಲ್ಲ ಮಾರಾಯ" ಅನ್ನುವುದಕ್ಕೆ ಒಂದು ಮುಂಗೈ ಎತ್ತಿ ನಿಧಾನಕ್ಕೆ ಬೀಸುತ್ತೆ. ಲಾಕ್‌ಡೌನ್ ಮುಗಿದ ಮೇಲೂ ವರ್ಕ್ ಫ್ರಮ್ ಹೋಮ್ ಮುಂದುವರಿದಿದ್ದ ದಿನಗಳಲ್ಲಿ, ದಿನಕ್ಕೆ ಒಂಬತ್ತು ಗಂಟೆ ಸ್ಕ್ರೀನ್ ಮುಂದೆ ಒಬ್ಬಳೇ ಕೂರುವವಳಿಗೆ ಯಾರೋ ಕೈ ಬೀಸಿದರೆ ಹೇಗಾಗಬೇಡ! ಒಂದು ಗಂಡು ಕೊಂಡೆ. ವರ್ಷ ಕಳೆದ ಮೇಲೆ ಒಂದು ಹೆಣ್ಣು. ಗುಂಡ ಮತ್ತು ಚೆಂಡಿ.

ಈ ಲೋಕಕ್ಕೆ ಕಾಲಿಟ್ಟ ಮೇಲೆ ಗೊತ್ತಾಗಿದ್ದು, ಇಲ್ಲಿ ಯಾರೂ ಬರೀ 'ಬಿಯರ್ಡಿ' ಅನ್ನೋದಿಲ್ಲ ಅಂತ. "ಯಾವ ಮಾರ್ಫ್?" ಅಂತಲೇ ಮೊದಲು ಕೇಳೋದು. ಮಾರ್ಫ್ ಅಂದರೆ ಬಣ್ಣದ ಅಥವಾ ಹುರುಪೆಯ ಬಗೆ. ಕಾಡಿನಲ್ಲಿರೋದು ಮಣ್ಣಿನ ಬಣ್ಣದ, ಮೈತುಂಬ ಮುಳ್ಳುಹುರುಪೆಯ ಪ್ರಾಣಿ. ಸಾಕುವವರ ಮನೆಗಳಲ್ಲಿ ಅದು ಸೀರೆ ಅಂಗಡಿ ಆಗಿದೆ. 'ಹೈಪೊ' ಅಂದರೆ ಕಪ್ಪು ವರ್ಣಕ ಕಡಿಮೆ, ಹಾಗಾಗಿ ಮೈ ತಿಳಿ, ಉಗುರು ಕೂಡ ಪಾರದರ್ಶಕ. 'ಟ್ರಾನ್ಸ್‌ಲೂಸೆಂಟ್' ಮರಿಗಳ ಚರ್ಮ ಅರೆಪಾರದರ್ಶಕ, ಹೊಟ್ಟೆ ನೀಲಿ, ಕಣ್ಣು ಪೂರ್ತಿ ಕಪ್ಪು. 'ಜೀರೊ'ಗೆ ಚಿತ್ತಾರವೇ ಇಲ್ಲ, ಬೂದು ಬಿಳುಪು. 'ವಿಟ್‌ಬ್ಲಿಟ್ಸ್' ಅನ್ನೋದು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ತಳಿ, ಅದಕ್ಕೂ ಚಿತ್ತಾರವಿಲ್ಲ. 'ಡನ್ನರ್' ಅನ್ನುವುದರ ಹುರುಪೆಗಳು ಒಂದೇ ದಿಕ್ಕಿಗೆ ಮಲಗದೆ, ಎದ್ದ ತಕ್ಷಣದ ನನ್ನ ತಲೆಕೂದಲ ಹಾಗೆ ದಿಕ್ಕಾಪಾಲು. 'ಲೆದರ್‌ಬ್ಯಾಕ್'ಗೆ ಬೆನ್ನ ಮೇಲಿನ ಮುಳ್ಳುಗಳು ಸಣ್ಣವಾಗಿ, ಮೈ ನುಣುಪಾಗಿ, ಬಣ್ಣ ಎದ್ದು ಕಾಣುತ್ತೆ.

ಗುಂಡ ಕೇಸರಿ ಲೆದರ್‌ಬ್ಯಾಕ್. ಚೆಂಡಿ ಹಳದಿ ಲೆದರ್‌ಬ್ಯಾಕ್. ಇಬ್ಬರನ್ನೂ ಆರಿಸಿದ್ದು ನಾನೇ, ಫೋಟೊ ನೋಡಿ, ಕುರ್ತಾ ಆರಿಸಿದ ಹಾಗೆ.

ಇಲ್ಲೊಂದು ಲೆಕ್ಕವಿದೆ. ಹೈಸ್ಕೂಲಿನಲ್ಲಿ ಮೆಂಡೆಲನ ಬಟಾಣಿ ಗಿಡದ ಚೌಕ ಹಾಕಿಸಿದ್ದರಲ್ಲ, ಅದೇ. ಲೆದರ್‌ಬ್ಯಾಕ್ ಜೀನಿನ ಒಂದು ಪ್ರತಿ ಇದ್ದರೆ ಹುರುಪೆ ಸಣ್ಣದಾಗುತ್ತೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಪ್ರತಿ ಸಿಕ್ಕರೆ ಹುರುಪೆಯೇ ಇರೋದಿಲ್ಲ. ಎರಡು ಲೆದರ್‌ಬ್ಯಾಕ್ ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಮಾಮೂಲಿ, ಎರಡು ಲೆದರ್‌ಬ್ಯಾಕ್, ಒಂದು ಬೋಳು. ಆ ಬೋಳಿಗೆ ಪೇಟೆಯ ಹೆಸರು 'ಸಿಲ್ಕ್‌ಬ್ಯಾಕ್'. ಮುಟ್ಟಿದರೆ ರೇಷ್ಮೆಯ ಹಾಗೆ.

ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಗೊತ್ತಿತ್ತು. ಅದಕ್ಕೇ ಒಟ್ಟಿಗೆ ಬಿಟ್ಟೆ.

ಚೆಂಡಿ ಮರಳಿನಲ್ಲಿ ಗುಂಡಿ ತೋಡಿ ಹತ್ತೊಂಬತ್ತು ಮೊಟ್ಟೆ ಇಟ್ಟಳು. ಎರಡು ತಿಂಗಳು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮೀಟಿಂಗ್ ನಡುವೆ ಎದ್ದು ಹೋಗಿ ಉಷ್ಣಾಂಶ ನೋಡುತ್ತಿದ್ದೆ. ಏಪ್ರಿಲ್‌ನಲ್ಲಿ ಹದಿನಾಲ್ಕು ಒಡೆದವು. ಅದರಲ್ಲಿ ಮೂರು ರೇಷ್ಮೆ. ಗುಲಾಬಿ ಬಣ್ಣದ, ಒಂದು ಮುಳ್ಳೂ ಇಲ್ಲದ, ಬೆರಳುದ್ದದ ಮರಿಗಳು. ಫೋಟೊ ಹಾಕಿದ ಅರ್ಧ ಗಂಟೆಯೊಳಗೆ ಕೇಳಿಕೊಂಡು ಬಂದರು. ಎರಡು ರೇಷ್ಮೆ ಮರಿಗಳು ಉಳಿದವುಗಳ ದುಪ್ಪಟ್ಟು ಬೆಲೆಗೆ ಹೋದವು. ಆ ದುಡ್ಡಿನಲ್ಲಿ ಒಂದು ಮಾನಿಟರ್ ಕೊಂಡೆ. (ಕಂಪ್ಯೂಟರಿನ ಮಾನಿಟರ್. ಇಂಗ್ಲಿಷಿನಲ್ಲಿ ಉಡಕ್ಕೂ ಮಾನಿಟರ್ ಅಂತಾರೆ, ಅದನ್ನು ಮುಟ್ಟಿದರೆ ಜೈಲು.)

ಮೂರನೆಯದು ಉಳಿಯಿತು. ಉಳಿಸಿಕೊಂಡೆ ಅನ್ನೋ ಹಾಗಿಲ್ಲ. ಪಕ್ಕದಲ್ಲಿದ್ದ ಮರಿ ಅದರ ಬಾಲದ ತುದಿ ಕಚ್ಚಿತ್ತು. ಬೇರೆ ಮರಿಗಳಿಗೆ ಅದು ಗೀರು, ಹುರುಪೆ ಇಲ್ಲದ್ದಕ್ಕೆ ಗಾಯ. ಗಾಯ ಆದದ್ದನ್ನು ಯಾರೂ ಕೊಳ್ಳಲಿಲ್ಲ.

ಆಮೇಲೆ ಒಂದೊಂದಾಗಿ ಅರ್ಥವಾಗುತ್ತಾ ಹೋಯಿತು, ಹುರುಪೆ ಅಂದರೆ ಏನು ಅಂತ. ಅದು ಅಲಂಕಾರ ಅಲ್ಲ. ಅದು ಮಳೆಯಿಲ್ಲದ ನೆಲದಲ್ಲಿ ಮೈಯ ನೀರು ಆರಿಹೋಗದ ಹಾಗೆ ನೋಡಿಕೊಳ್ಳುವ ಹೊದಿಕೆ, ಕಲ್ಲು ಮುಳ್ಳಿಗೆ ಕವಚ. ಬಿಯರ್ಡಿಗಳಿಗೆ ಗೂಡಿನಲ್ಲಿ ನಲವತ್ತು ಡಿಗ್ರಿ ಹತ್ತಿರದ ಬಿಸಿ ಜಾಗವೊಂದು ಬೇಕು, ಅತಿನೇರಳೆ ಬೆಳಕಿನ ದೀಪವೂ ಬೇಕು, ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತೆ. ರೇಷ್ಮೆ ಮರಿಗೂ ಅದು ಬೇಕೇ ಬೇಕು, ಆದರೆ ಅದೇ ಬೆಳಕು ಅದರ ಮೈ ಸುಡುತ್ತೆ. ಪೊರೆ ಬಿಡುವಾಗ ಚರ್ಮ ಸಲೀಸಾಗಿ ಕಳಚುವುದಿಲ್ಲ. ಬೆರಳ ತುದಿಯಲ್ಲಿ ಒಣಗಿ ದಾರದ ಹಾಗೆ ಬಿಗಿದುಕೊಳ್ಳುತ್ತೆ. ರಕ್ತ ಹೋಗದೆ ಬೆರಳು ಕಪ್ಪಾಗಿ ಉದುರುತ್ತೆ.

ಜೂನ್ ಕೊನೆಗೆ ಒಂದು ಬೆರಳು ಹೋಯಿತು. ವೈದ್ಯರು ಔಷಧಿ ಕೊಟ್ಟು, "ಇದು ಇದರ ಜೀವನಪೂರ್ತಿ ಇರುತ್ತೆ ಮೇಡಂ, ನೋಡಿಕೊಳ್ತೀರಾ?" ಅಂದರು. ಹತ್ತು ವರ್ಷ ಬದುಕಬಲ್ಲ ಪ್ರಾಣಿ. ನನಗೆ ಆಫೀಸು, ರಿಲೀಸು. ಗುಂಡ, ಚೆಂಡಿಯನ್ನು ರೂಮ್‌ಮೇಟ್ ನೋಡಿಕೊಳ್ಳೋಕೆ ಒಪ್ಪಿದಳು, ಈ ಮರಿಯನ್ನು ಮುಟ್ಟೋಕೆ ಮಾತ್ರ ಹೆದರಿದಳು. ಅದಕ್ಕೇ ಊರಿಗೆ ಹೊತ್ತುಕೊಂಡು ಹೋದದ್ದು.

ಈಗ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಇಪ್ಪತ್ತೈದು ವರ್ಷ ರೇಷ್ಮೆ ಹುಳ ಮೇಯಿಸಿದವರು. ನನ್ನ ಎಂಜಿನಿಯರಿಂಗ್ ಫೀಸು ಗೂಡಿನ ದುಡ್ಡು. ಹುಳಮನೆಯಲ್ಲಿ ಹಲ್ಲಿ, ಇರುವೆ, ಇಲಿ, ಊಜಿ ನೊಣ ಶತ್ರುಗಳು. ಚಿಕ್ಕವರಿದ್ದಾಗ ನಮ್ಮ ಕೆಲಸವೇ ಹುಳಮನೆ ಸುತ್ತ ಕಂಡ ಹಲ್ಲಿ, ಓತಿಕ್ಯಾತಗಳಿಗೆ ಕಲ್ಲು ಹೊಡೆದು ಓಡಿಸುವುದು. ಓಡಿಸುವುದು ಅಂತ ಬರೆದೆ. ಎಷ್ಟೋ ಸಲ ಅವು ಓಡುತ್ತಿರಲಿಲ್ಲ. ನಮ್ಮನ್ನು ನೋಡಿ ತಲೆ ಆಡಿಸಿ ಅಣಕಿಸುತ್ತೆ ಅಂತ ಇನ್ನೊಂದು ಕಲ್ಲು.

ಅಂಥ ಮನೆಗೆ ಓತಿಕ್ಯಾತ ತಂದದ್ದೂ ಅಲ್ಲದೆ, "ಅಪ್ಪಾಜಿ, ಇದಕ್ಕೆ ರೇಷ್ಮೆ ಹುಳ ಬಹಳ ಒಳ್ಳೆ ಆಹಾರ, ಎಲ್ಲಾದರೂ ಸಿಗುತ್ತಾ?" ಅಂತ ಕೇಳಿದೆ. ಅವ್ವ ಒಳಗಿನಿಂದ "ಶಿವನೇ" ಅಂದರು. ಅಪ್ಪ ಏನೂ ಅನ್ನದೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು. ಅರ್ಧ ಗಂಟೆಯ ಮೇಲೆ ಪಕ್ಕದ ಮನೆಯವರ ತಟ್ಟೆಯಿಂದ ಎರಡನೇ ಜ್ವರ ಎದ್ದ ಹತ್ತು ಹುಳಗಳನ್ನು ಸೊಪ್ಪಿನಲ್ಲಿ ಸುತ್ತಿ ತಂದರು. ಮರಿ ತಿನ್ನುವುದನ್ನು ಕುಕ್ಕರಗಾಲಲ್ಲಿ ಕೂತು ಪೂರ್ತಿ ನೋಡಿದರು. ಅವರ ಮುಖ ನೋಡೋಕೆ ನನಗೆ ಆಗಲಿಲ್ಲ.

ಜ್ವರ ಅಂದರೆ ಗೊತ್ತಲ್ಲ? ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅಂತಾರೆ. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ. ಜ್ವರಕ್ಕೆ ಹೋದ ಹುಳ ಮೇಯೋದಿಲ್ಲ, ತಲೆ ಎತ್ತಿ ಅಲ್ಲಾಡದೆ ನಿಲ್ಲುತ್ತೆ. ಆಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ತಟ್ಟೆ ಒಣಗಿಸಬೇಕು, ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಬರಬೇಕು.

ಮಾರನೇ ದಿನ ಬೆಳಿಗ್ಗೆ ಮರಿ ಏನೂ ತಿನ್ನಲಿಲ್ಲ. ಬಣ್ಣ ಮಂಕಾಗಿತ್ತು. ನಾನು ಗಾಬರಿಯಲ್ಲಿ ಹುಳವನ್ನು ಬಾಯಿಗೇ ಹಿಡಿಯುತ್ತಿದ್ದೆ. ಅಪ್ಪ ಕೈ ತಡೆದು, "ಬುಡು ಅದ. ಜ್ವರಕ್ಕೆ ಕೂತದ ಕನವ್ವ" ಅಂದರು.

ನಿಜ. ಪೊರೆ ಬಿಡುವ ಸಮಯ. ನಾನು ಎರಡು ವರ್ಷ ವಿಡಿಯೊ ನೋಡಿ ಕಲಿತದ್ದನ್ನು ಅವರು ಒಂದು ನೋಟಕ್ಕೆ ಹೇಳಿದರು. "ಹುಳಕ್ಕಾದ್ರೆ ಒಣಗಿರಬೇಕು. ಇದ್ಕೇನು?" ಅಂತ ಕೇಳಿದರು. ಇದಕ್ಕೆ ತೇವ ಬೇಕು ಅಂದೆ. ಆಮೇಲಿನ ಮೂರು ದಿನ ಅಪ್ಪ ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ಕೂರಿಸಿ, ಅವ್ವನ ಹಳೇ ಕಾಟನ್ ಸೀರೆಯ ತುಂಡಿನಿಂದ ಬೆರಳು ಬೆರಳಿನ ಪೊರೆಯನ್ನು ಬಿಡಿಸಿದರು, ಎಳೆಯದೆ, ಅವಸರವಿಲ್ಲದೆ. ಒಂದು ಬೆರಳೂ ಹೋಗಲಿಲ್ಲ.

ಮೂರನೇ ದಿನ ಸಂಜೆ ಊರಾಚೆಯ ಬಂಡೆಯ ಕಡೆ ನಡೆದುಕೊಂಡು ಹೋದೆವು. ಗುಂಡ್ಲುಪೇಟೆ ರಸ್ತೆಯಲ್ಲಿ ಸೂರ್ಯಕಾಂತಿ ಅರಳಿತ್ತು. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು, ಜನ ಹೊಲದೊಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಂಡೆಯ ಮೇಲೆ ಒಂದು ಗಂಡು ಓತಿ ಕೂತಿತ್ತು. ಕರೀಕಲ್ಲಿನ ಹಾಗೆ ಕಪ್ಪು ಮೈ, ಬೆನ್ನ ಮೇಲೆ ಉರಿಯುವ ಬಣ್ಣದ ಪಟ್ಟೆ. ನಾವು ಹತ್ತಿರ ಹೋದಂತೆ ಪಟ್ಟೆ ಮಂಕಾಯಿತು, ಆಮೇಲೆ ಅದೇ ಮಾಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಬಂಡೆ ಓತಿಗಳ ಮೇಲೆ ಕೆಲಸ ಮಾಡಿದ್ದಾರೆ. ಹೆಣ್ಣಿನ ಎದುರಿಗೆ ಒಂದು ಬಣ್ಣದ ಜೋಡಿ, ಎದುರಾಳಿ ಗಂಡಿನ ಎದುರಿಗೆ ಇನ್ನೊಂದು, ನೋಡನೋಡುತ್ತಿದ್ದಂತೆ ಬದಲಾಗುತ್ತೆ. ನಗರದ ಅಂಚಿನಲ್ಲಿ ಬದುಕುವ ಓತಿಗಳ ಬಣ್ಣ ಹಳ್ಳಿಯವಕ್ಕಿಂತ ಮಂದ ಅನ್ನುವುದನ್ನೂ ಅವರೇ ಕಂಡುಕೊಂಡಿದ್ದು. (ಬೆಂಗಳೂರಿನಲ್ಲಿ ಹತ್ತು ವರ್ಷ ಕಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.) ಅಲ್ಲಿ ಬಣ್ಣ ಅಂದರೆ ಮಾತು, ಅದು ಯಾರಿಗೆ ಹೇಳಬೇಕೋ ಅವರಿಗೆ ಹೇಳಿಕೊಳ್ಳುತ್ತೆ. ನನ್ನ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣ ಅಂದರೆ ಬೆಲೆ.

ನಾನು ಇದನ್ನು ಅಪ್ಪನಿಗೆ ಹೇಳಿ, ಗುಂಡ ಚೆಂಡಿಯ ಲೆಕ್ಕವನ್ನೂ ಹೇಳಿದೆ. ಮಾರಿದ್ದನ್ನೂ ಹೇಳಿದೆ. ಬೈತಾರೆ ಅಂತ ಕಾದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:

"ರೇಷ್ಮೆ ಚಿಟ್ಟೆಗೆ ರೆಕ್ಕೆ ಅದೆ, ಹಾರಕ್ಕಾಗಲ್ಲ. ಗೂಡು ದಪ್ಪ ಬರ್ಲಿ, ನೂಲು ಜಾಸ್ತಿ ಬರ್ಲಿ ಅಂತ ಅದನ್ನ ಹಂಗೆ ಮಾಡ್ಕಂಡು ಬಂದವ್ರು ನಾವೇಯ. ನಾನೇನು ಸಾಚಾ ಅಲ್ಲ. ಬಿಸಿನೀರಲ್ಲಿ ಬೆಂದ ಹುಳದ ದುಡ್ಡಲ್ಲೇ ನೀನು ಓದಿದ್ದು. ಆದ್ರೆ ಒಂದು ಹುಳಕ್ಕೂ ಬದುಕಿರೋಗಂಟ ನೋವು ಮಾಡಿಲ್ಲ ಕನವ್ವ. ಮಾಡಿದ್ರೆ ಬೆಳೆಯೇ ಬರ್ತಿರಲಿಲ್ಲ."

ಹುಳದ ನೋವು ಅಪ್ಪನಿಗೆ ಗೊತ್ತಾ, ಬೇಯುವುದು ನೋವಲ್ಲವಾ ಅಂತ ವಾದ ಮಾಡಬಹುದಿತ್ತು. ಅವರು ತಮ್ಮ ಪಾಲನ್ನು ಮೊದಲು ಒಪ್ಪಿಕೊಂಡು ಮಾತಾಡಿದ್ದರಿಂದ ನನಗೆ ವಾದ ಮಾಡೋಕೆ ಜಾಗ ಉಳಿಯಲಿಲ್ಲ. ಅವರ ಹತ್ತಿರ ಕೊನೇಪಕ್ಷ ಒಂದು ಕಾರಣ ಇತ್ತು, ಮಗಳ ಫೀಸು. ನನ್ನದು 27 ಇಂಚಿನ ಮಾನಿಟರ್.

ಬೆಂಗಳೂರಿಗೆ ಬಂದ ದಿನವೇ ಎರಡು ಫೋನ್ ಮಾಡಿದೆ. ಒಂದು ಮರಿ ಕೊಂಡವರು, "ಅದು ಹೋಯ್ತಲ್ಲ, ಆಗಲೇ ಒಂದು ತಿಂಗಳಾಯ್ತು. ಊಟ ಬಿಟ್ಟಿತ್ತು" ಅಂದರು. ದುಡ್ಡು ವಾಪಸ್ ಕೇಳಲಿಲ್ಲ, ಬೈಯಲೂ ಇಲ್ಲ. "ಇನ್ನೊಂದು ಸಿಲ್ಕಿ ಬಂದರೆ ಹೇಳಿ" ಅಂದರು. ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು. ಇನ್ನೊಬ್ಬರು ಫೋನ್ ಎತ್ತಲಿಲ್ಲ. ಪೊರೆ ಬಿಡುವಾಗ ಏನು ಮಾಡಬೇಕು ಅಂತ ಉದ್ದಕ್ಕೆ ಮೆಸೇಜ್ ಬರೆದು ಕಳಿಸಿದೆ. ಎರಡು ನೀಲಿ ಟಿಕ್ ಬಂದವು, ಉತ್ತರ ಬರಲಿಲ್ಲ.

ಗುಂಡ, ಚೆಂಡಿ ಈಗ ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದಾರೆ. ಗಂಡಿಲ್ಲದೆಯೂ ಚೆಂಡಿ ಆಗಾಗ ಮೊಟ್ಟೆ ಇಡುತ್ತಾಳೆ, ಅವನ್ನು ತೆಗೆದುಬಿಡುತ್ತೇನೆ. ಬಿಯರ್ಡಿ ಸಾಕಬೇಡಿ ಅಂತ ನಾನು ಹೇಳುತ್ತಿಲ್ಲ, ನಾನೇ ಮೂರು ಸಾಕಿಕೊಂಡು ಆ ಮಾತು ಆಡೋಕೆ ಬರಲ್ಲ. ಕೊಳ್ಳುವ ಮನಸ್ಸಿದ್ದರೆ ಒಂದೇ ಒಂದು ಕೇಳಿ: ಇದರ ಅಪ್ಪ ಅಮ್ಮ ಇಬ್ಬರೂ ಲೆದರ್‌ಬ್ಯಾಕಾ? ಹೌದು ಅಂದರೆ, ಇದರ ಜೊತೆ ಹುಟ್ಟಿದ ಬೋಳು ಮರಿಗಳು ಎಲ್ಲಿ ಅಂತಲೂ ಕೇಳಿ. ಮಣ್ಣಿನ ಬಣ್ಣದ ಮುಳ್ಳುಮೈಯ ಮಾಮೂಲಿ ಮರಿ ಇದ್ದರೆ ಅದನ್ನೇ ತನ್ನಿ. ಅದೂ ಕೈ ಬೀಸುತ್ತೆ.

ರೇಷ್ಮೆ ಬದುಕಿದೆ. ಹೆಸರೂ ಅದೇ. ಹಿಂಗಾಲಿನಲ್ಲಿ ಒಂದು ಬೆರಳಿಲ್ಲ, ಬಾಲದ ತುದಿಯಿಲ್ಲ. ಮೀಟಿಂಗ್ ಇದ್ದರೂ ಇಲ್ಲದಿದ್ದರೂ ದಿನಕ್ಕೆರಡು ಸಲ ಒದ್ದೆ ಬಟ್ಟೆ. ಅಪ್ಪ ಮೊದಲೆಲ್ಲ ಭಾನುವಾರ ಫೋನ್ ಮಾಡಿದರೆ "ಊಟ ಆಯ್ತಾ?" ಅಂತ ಶುರು ಮಾಡುತ್ತಿದ್ದರು.

ಈಗ, "ಜ್ವರ ಎದ್ದದಾ?" ಅಂತಾರೆ.