ಗುಹಾರಣ್ಯದಲ್ಲಿ ಅರಣ್ಯವೆಲ್ಲಿ?

ದಾವಣಗೆರೆಯಿಂದ ಪಶ್ಚಿಮಕ್ಕೆ ಹೊರಟ ಪ್ರವಾಸಿಗನು ಸುಮಾರು 14 ಕಿಲೋಮೀಟರು ಸಾಗಿ ಹರಿಹರವನ್ನು ಸೇರುತ್ತಾನೆ. ದಾರಿಯುದ್ದಕ್ಕೂ ಭದ್ರಾ ನಾಲೆಯ ನೀರುಂಡ ಗದ್ದೆಗಳು, ಅಕ್ಕಿ ಗಿರಣಿಗಳು, ಹೊಸ ಬಡಾವಣೆಗಳು. ಆದರೆ ಸ್ಥಳಪುರಾಣ ಈ ನೆಲವನ್ನು ಕರೆಯುವುದು ಗುಹಾರಣ್ಯವೆಂದು!

ಹರಿಯಿಂದಾಗಲಿ ಹರನಿಂದಾಗಲಿ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದ ಗುಹಾಸುರನ ಕಾಡು ಇದು. ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರಂತೆ. ಹರಿದ್ರಾ ನದಿ ತುಂಗಭದ್ರೆಯನ್ನು ಕೂಡುವ ಈ ಊರಿಗೆ ಕೂಡಲೂರೆಂಬ ಹೆಸರೂ ಇತ್ತು. ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೊಲಾಳ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರ ದೇಗುಲ ಇಂದಿಗೂ ಗಟ್ಟಿಯಾಗಿ ನಿಂತಿದೆ. ಕಾಡು ಮಾತ್ರ ಹೆಸರಿನಲ್ಲಿ ಉಳಿದಿದೆ.

ಇಂಥ ವಿಚಿತ್ರ ಇಂಗ್ಲಿಷರಲ್ಲಿಯೂ ಉಂಟು. ಅವರ ಹಳೆಯ ಮಾತಾದ 'ವೋಲ್ಡ್' ಮೊದಲು ಮರಗಾಡನ್ನೇ ಹೇಳುತ್ತಿತ್ತು. ಜರ್ಮನರ 'ವಾಲ್ಡ್' ಅದರ ದಾಯಾದಿ. ಮರಗಳು ಹೋದ ಮೇಲೂ ಹೆಸರು ನೆಲಕ್ಕೆ ಅಂಟಿಕೊಂಡು, ಕಡೆಗೆ ಬಯಲು ದಿಬ್ಬಗಳಿಗೇ ಆ ಹೆಸರಾಯಿತು. ಯಾರ್ಕ್‌ಷೈರಿನ ವೋಲ್ಡ್ಸ್ ಪ್ರದೇಶಕ್ಕೆ ಹೋದವರಿಗೆ ಕಾಣುವುದು ಹೊಲ, ಹುಲ್ಲು, ಕುರಿ!

ನಮ್ಮ ಮಾತಾದರೂ ಸರಳವೇ? 'ಅರಣ್ಯ'ದ ಮೂಲದಲ್ಲಿರುವುದು ಮರವಲ್ಲ, ದೂರ. 'ಅರಣ' ಎಂದರೆ ಪರಕೀಯವಾದುದು. ಊರ ಆಚೆಗಿನ ನೆಲವೇ ಅರಣ್ಯ. ಕನ್ನಡದ 'ಕಾಡು' ಸಹ ಮರವನ್ನೇ ಕೇಳುವುದಿಲ್ಲ; ಸುಡುಗಾಡಿನಲ್ಲಿ ಯಾವ ತೋಪಿದೆ? ಮಲೆನಾಡಿನ ದಟ್ಟ ಹಸಿರಿಗೆ 'ಕಾನು' ಎಂಬ ಬೇರೆ ಮಾತೇ ಇದೆ.

ಈ ಅರ್ಥಭೇದ ನಿಘಂಟಿನ ಜಗಳವಾಗಿ ಉಳಿಯಲಿಲ್ಲ. ಹರಿಹರದೆದುರು, ನದಿಯಾಚೆಯ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನಾರಿಗೆ ಬೇಕಾದ ಪಲ್ಪನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂದಿತು. ಅದಕ್ಕೆ ನೀಲಗಿರಿ ಮರ ಒದಗಿಸಲು 1984ರಲ್ಲಿ ಸರಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು ಸ್ಥಾಪಿಸಿದವು. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲ ಅದರ ಪಾಲಿಗೆ ಗೊತ್ತಾಯಿತು. ಕಡತದಲ್ಲಿ ಆ ನೆಲ 'ಸಿ ಮತ್ತು ಡಿ ದರ್ಜೆ'ಯ ಬೀಳು. ಹಳ್ಳಿಗರಿಗೆ ಅದು ದನದ ಮೇವು, ಒಲೆಯ ಸೌದೆ. ದನ ಮುಟ್ಟದ ನೀಲಗಿರಿಯ ಸಾಲನ್ನು ಅವರು ಕಾಡೆಂದು ಒಪ್ಪಲಿಲ್ಲ, ಒಪ್ಪದಿದ್ದುದು ನ್ಯಾಯವೇ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು, ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. 'ಕಿತ್ತಿಕೋ ಹಚ್ಚಿಕೋ' ಎಂಬ ಅಚ್ಚ ಉತ್ತರ ಕರ್ನಾಟಕದ ಹೆಸರು ಆ ಸತ್ಯಾಗ್ರಹಕ್ಕೆ! 1991ರಲ್ಲಿ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚಲಾಯಿತು.

ದಾವಣಗೆರೆ ಜಿಲ್ಲೆಯಲ್ಲಿ ಕಾಡನ್ನು ಕಾಣಲೇಬೇಕೆನ್ನುವವರು ಜಗಳೂರಿನ ಕಡೆ ಹೋಗಬೇಕು. ಅಲ್ಲಿನ ರಂಗಯ್ಯನದುರ್ಗವನ್ನು 2011ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು. ಕಲ್ಲುಗುಡ್ಡ, ಕುರುಚಲು ಗಿಡ, ಬೇಸಗೆಯಲ್ಲಿ ಎಲೆಯೇ ಇಲ್ಲದ ಕೊಂಬೆಗಳು; ಅವುಗಳ ನಡುವೆ ನಾಲ್ಕು ಕೋಡಿನ, ನಾಚಿಕೆಯ ಕೊಂಡುಕುರಿ.